ಗಂಡನ ಹೆಸರಿನ ಕಾಲಂ

ಮಾತು ಕಟ್ಟುವುದನ್ನು ನಾನು ಕಲಿತದ್ದು ಯಡೂರಿನ ನಮ್ಮ ಸೋದರತ್ತೆಯಿಂದ. ನಮ್ಮ ಕಡೆ ಹೆಂಗಸರು ಗಂಡನ ಹೆಸರನ್ನು ಸುಮ್ಮನೆ ಹೇಳುವುದಿಲ್ಲ. ಎರಡು ಸಾಲು ಪ್ರಾಸ ಕಟ್ಟಿ ಕೊನೆಯಲ್ಲಿ ಹೆಸರು ಕೂಡಿಸುತ್ತಾರೆ. ಅದೇ ಒಡಪು. ಕನ್ನಡ ಸಾಲಿಯ ನಿವೃತ್ತ ಶಿಕ್ಷಕಿಯಾದ ಅತ್ತೆಯ ಬಳಿ ಅಂಥವು ನೂರಾರಿದ್ದವು.

ಮೊಬೈಲು ಬಂದ ಮೇಲೆ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗದ ನಾವೊಂದಿಷ್ಟು ಜನ ದೊಡ್ಡ ಕಂಪನಿಯೊಂದರ ತಾಣದಲ್ಲಿ ಗುಂಪು ಮಾಡಿಕೊಂಡು ಒಡಪು ಕೂಡಿಹಾಕುತ್ತಿದ್ದೆವು. ಒಂದು ದಿನ ಅತ್ತೆ ಉಮೇದಿನಲ್ಲಿ ಬೆಳಗಿನಿಂದ ಸಂಜೆವರೆಗೆ ಒಂದರ ಹಿಂದೊಂದು ಬರೆದಳು. ಕಂಪನಿಯ ಯಂತ್ರ ಅವಳನ್ನೂ ಯಂತ್ರವೆಂದು ತಿಳಿದು ಖಾತೆ ಮುಚ್ಚಿತು. ಬರೆದದ್ದೆಲ್ಲ ಅಳಿಸಿಹೋಯಿತು. ಎಷ್ಟು ಬೇಡಿಕೊಂಡರೂ ಅದೇ ಅಚ್ಚಿನ ಉತ್ತರ. ಇವತ್ತು ಅತ್ತೆ, ನಾಳೆ ನಾವು ಎಂದು ಎಲ್ಲರಿಗೂ ಅಂಜಿಕೆಯಾಯಿತು.

"ಬಾಯಿ ಮುಚ್ಚ ಅಂದವರ ಮನ್ಯಾಗ ನಾ ಮತ್ತ ಮಾತಾಡೂದಿಲ್ಲಪಾ," ಎಂದಳು ಅತ್ತೆ. ಅವಳು ಮತ್ತೆ ಬರೆಯದಿದ್ದರೆ ಆ ಒಡಪುಗಳು ಅವಳೊಂದಿಗೇ ಮುಗಿಯುತ್ತಿದ್ದವು.

ನನಗೆ ಆವೇಶ ಬಂತು. ನಿಪ್ಪಾಣಿಯಲ್ಲಿ ಕಂಪ್ಯೂಟರ್ ರಿಪೇರಿ ಮಾಡುವ ಗೆಳೆಯನನ್ನು ಹಿಡಿದು ನಮ್ಮದೇ ತಾಣ ಕಟ್ಟಿಸಿದೆ. ಕಂಪನಿಯವರು ನಮ್ಮ ಮನೆಯ ಸುದ್ದಿಯನ್ನೆಲ್ಲ ಕೆದಕುತ್ತಾರೆ, ಇಲ್ಲಿ ಹಾಗಿಲ್ಲ ಎಂದು ಭಾಷಣವನ್ನೂ ಬಿಗಿದೆ. ಆಮೇಲೆ ಸದಸ್ಯರ ಅರ್ಜಿ ತಯಾರಿಸಲು ಕುಳಿತೆ. ನನ್ನದು ಸರಕಾರಿ ಗುಮಾಸ್ತನ ಕೈ, ಕೇಳಬೇಕೆ! ಹೆಸರು, ವಯಸ್ಸು, ಊರು, ತಂದೆ ಅಥವಾ ಗಂಡನ ಹೆಸರು...

ಗೆಳೆಯ ನೋಡಿ ನಕ್ಕ. "ಸಾಹೇಬ್ರ, ರೇಶನ್ ಕಾರ್ಡ್ ಕೊಡಾಕತ್ತೀರೇನ್ರಿ? ಆ ಕಂಪನ್ಯಾವ್ರೂ ಇಷ್ಟ ಕೇಳಿದ್ದಿಲ್ಲ."

"ಖೋಟಾ ಮಂದಿ ಬರಬಾರದು," ಎಂದೆ ಗತ್ತಿನಿಂದ.

ಖೋಟಾ ಮಂದಿ ಇರಲಿ, ಖರೆ ಮಂದಿಯೂ ಬರಲಿಲ್ಲ. ಮೂರು ವಾರ ನಾನೊಬ್ಬನೇ ಸದಸ್ಯ. ಸ್ವಾಗತವನ್ನೂ ನಾನೇ ಬರೆದು, ಕೆಳಗೆ ಧನ್ಯವಾದವನ್ನೂ ನಾನೇ ಹೇಳಿದ್ದೆ.

ನನ್ನ ಕಾಟ ತಾಳದೆ ಕೊನೆಗೆ ಅತ್ತೆ ಅರ್ಜಿ ತುಂಬಿ ಫೋನು ಮಾಡಿದಳು. "ಲೇ ತಮ್ಮಾ, ನಿನ್ನ ಅರ್ಜಿ ನನ್ನ ಒಳಗ ಬಿಡವಲ್ದು!"

ತೆರೆದು ನೋಡಿದೆ. ಗಂಡನ ಹೆಸರಿನ ಕಾಲಂನಲ್ಲಿ ಹೀಗಿತ್ತು:

ಹೊಳಿ ದಂಡ್ಯಾಗ ಗಾಣ, ಗಾಣದಾಗ ಬೆಲ್ಲ,
ಎಷ್ಟ ಸಿಟ್ಟ ಬಂದ್ರೂ ಒಂದ ಮಾತ ಬೈದಿಲ್ಲ

ಅಲ್ಲಿಗೆ ಕಾಲಂ ತುಂಬಿತ್ತು. ಮಾವನ ಹೆಸರು ಹೊರಗೇ ಉಳಿದಿತ್ತು.

"ಅತ್ತೀ, ಬರೇ ಹೆಸರು ಬರೆದಿದ್ರ ಸಾಕಿತ್ತು."

"ಊರ ಮುಂದನ ಬರೇ ಹೆಸರು ಅಂದಿಲ್ಲ, ನಿನ್ನ ಕಾಲಂ ಮುಂದ ಅಂತೀನೇನ? ಮಾವಗ ಜಾಗಾ ಮಾಡಲೇ, ಶಾಣ್ಯಾ!"

ನಾಚಿಕೆಯಾಯಿತು. "ಆ ಕಾಲಂನ ತಗಸ್ತೀನಿ, ಅತ್ತೀ."

"ತಗೀಬ್ಯಾಡ. ಲಗ್ನದಾಗ ಹೊಸ್ತಿಲದಾಗ ಅಡ್ಡ ನಿಂತು ಗಂಡನ ಹೆಸರು ಕೇಳೋರು ಇದ್ದರನ ಒಡಪು ಬಾಯಿಗೆ ಬರತೈತಿ. ಆ ಕಂಪನ್ಯಾವ್ರು ಒಮ್ಮೆರೆ ಕೇಳ್ಯಾರೇನು?"

ಗೆಳೆಯ ಕಾಲಂ ಹಿಗ್ಗಿಸಿಕೊಟ್ಟ. ಮರುದಿನ ಅತ್ತೆ ಬೇರೊಂದು ಒಡಪಿನೊಂದಿಗೆ ಮತ್ತೆ ಅರ್ಜಿ ಹಾಕಿದಳು. ಅದರ ಮರುದಿನ ಇನ್ನೊಂದು. ಅವಳನ್ನು ನೋಡಿ ಉಳಿದ ಹೆಂಗಸರೂ ಬಂದರು. ಚರ್ಚೆಗೆ, ವಿಮರ್ಶೆಗೆ ಎಂದು ನಾನು ಒಳಗೆ ಕಟ್ಟಿಸಿದ್ದ ಏಳು ವಿಭಾಗಗಳಿಗೆ ಯಾರೂ ಕಾಲಿಡಲಿಲ್ಲ. ಕಂಪನಿ ಅಳಿಸಿದ್ದೆಲ್ಲ ಅರ್ಜಿಯಲ್ಲೇ ಮರಳಿ ಬಂತು. ಅತ್ತೆ ಮಾತ್ರ ವರ್ಷವಿಡೀ ಹೊಸ ಸದಸ್ಯೆಯಾಗುತ್ತಲೇ ಇದ್ದಳು.