ಕಚ್ಚದ ನಾಯಿಯ ಹತ್ತು ದಿನ

ನನಗೆ ಈ ಜನ್ಮದಲ್ಲಿ ಯಾವ ನಾಯಿಯೂ ಕಚ್ಚಿಲ್ಲ. ಆದರೂ ನಾಯಿ ಕಚ್ಚಿದ್ದಕ್ಕೆಂದು ಮೂರು ಸೂಜಿ ಮಾಡಿಸಿಕೊಂಡವಳು ನಾನು. ಇದನ್ನು ಬರೆಯಲು ಕೂತರೆ ಈಗಲೂ ಮುಖ ಬಿಸಿಯಾಗುತ್ತದೆ. ಸುಳ್ಳು ಹೇಳಬಾರದೆಂದು ಮಕ್ಕಳಿಗೆ ಕಲಿಸುವುದೇ ನನ್ನ ಉದ್ಯೋಗ ಎಂದು ಬೇರೆ ಹೇಳಬೇಕಲ್ಲ.

ನಮ್ಮ ಮನೆ ವಾಡಿಯಲ್ಲಿ, ಶಾಲೆ ಚಿತ್ತಾಪುರದಲ್ಲಿ. ಗಂಡ ಗೂಡ್ಸ್ ಗಾಡಿಯ ಗಾರ್ಡ್. ಮನೆಯಲ್ಲಿರುವುದಕ್ಕಿಂತ ಹಳಿಯ ಮೇಲಿರುವುದೇ ಹೆಚ್ಚು. ಉಳಿದವರು ನಾನು ಮತ್ತು ಅತ್ತೆ. ಒಂದು ನಾಯಿ ಇದ್ದರೆ ಧೈರ್ಯ ಎಂದು ಹುಡುಕಾಡಿದಾಗ ಶಹಾಬಾದಿನ ಕಂಪೌಂಡರ್ ಕಾಕಾನ ವಿಷಯ ತಿಳಿಯಿತು. ಪಶು ಆಸ್ಪತ್ರೆಯಿಂದ ನಿವೃತ್ತರಾದ ಆ ಹಿರಿಯರು, ಊರ ಹೊರಗೆ ಮುಚ್ಚಿಹೋದ, ನೆಲಕ್ಕೆ ಹಾಸುವ ಪರಸಿಕಲ್ಲಿನ ಪಾಲಿಶ್ ಶೆಡ್ಡಿನಲ್ಲಿ ಗತಿಯಿಲ್ಲದ ನಾಯಿಗಳನ್ನು ಸಾಕುತ್ತಾರೆ. ಬೇಕೆಂದವರಿಗೆ ಕೊಡುತ್ತಾರೆ, ಆದರೆ ಹತ್ತು ಪ್ರಶ್ನೆ ಕೇಳಿದ ಮೇಲೆ.

ನಾನು ಮೆಚ್ಚಿದ್ದು ಕೆಂದು ಬಣ್ಣದ ಒಂದು ಹೆಣ್ಣು ನಾಯಿಯನ್ನು. ಒಂದು ಕಿವಿ ನೆಟ್ಟಗೆ, ಇನ್ನೊಂದು ಮಡಿಚಿಕೊಂಡಿತ್ತು.

“ರಾವೂರ ಕಡಿ, ಕಲ್ಲಿನ ಖಣಿಯಾಗ ಸಿಕ್ಕಿದ್ದು ಅಕ್ಕೋರೆ,” ಎಂದರು ಕಾಕಾ. “ಹನ್ನೊಂದು ತಿಂಗಳು ನನ್ನ ಕೈಯಾಗ ಬೆಳದದ. ಭಾಳ ಸಂಭಾವಿತ ಅದ. ಖರೆ, ಬ್ಲಾಸ್ಟಿಂಗ್ ಸಪ್ಪಳ ಮಾತ್ರ ತಾಳಂಗಿಲ್ಲ. ನಿಮ್ಮೂರಾಗ ಮಧ್ಯಾಹ್ನ ದಿನಾ ಹಾರಿಸ್ತಾರ. ವಿಚಾರ ಮಾಡಿ ಒಯ್ರಿ.”

“ರೂಢಿ ಆಗ್ತದ ಬಿಡ್ರಿ ಕಾಕಾ,” ಎಂದೆ.

ನಮಗೆ ಅದು ರೂಢಿಯಾಗಿಬಿಟ್ಟಿದೆಯಲ್ಲ. ಖಣಿಯ ಸೈರನ್ ಕೂಗುತ್ತದೆ, ಸ್ವಲ್ಪ ಹೊತ್ತಿಗೆ ನೆಲ ಗುಡುಗುತ್ತದೆ, ಗೋಡೆಯ ಮಾಡದಲ್ಲಿನ ಪಾತ್ರೆಗಳು ಕಿಣಿಕಿಣಿ ಎನ್ನುತ್ತವೆ. ಚಹಾ ಕುಡಿಯುವವರು ಬಸಿಯನ್ನು ಕೆಳಗಿಡುವುದೂ ಇಲ್ಲ. ನಮಗೆ ಆದದ್ದು ನಾಯಿಗೆ ಆಗದೇ ಇರುತ್ತದೆಯೇ ಎಂದುಕೊಂಡೆ.

ಮೊದಲ ಎರಡು ತಿಂಗಳ ಸುಖವನ್ನು ಮಾತ್ರ ಸುಳ್ಳೆನ್ನಲಾರೆ. ಸಂಜೆ ನಾನು ಓಣಿಯ ತಿರುವಿನಲ್ಲಿರುವಾಗಲೇ ಅದಕ್ಕೆ ಗೊತ್ತಾಗಿ ಗೇಟಿನ ಬಳಿ ಕುಣಿಯುತ್ತಿತ್ತು. ಪರೀಕ್ಷೆಯ ಪೇಪರು ತಿದ್ದುವಾಗ ನನ್ನ ಪಾದದ ಮೇಲೆ ಗದ್ದ ಊರಿ ಮಲಗುತ್ತಿತ್ತು. ಕಾಲು ಜೋಮು ಹಿಡಿದರೂ ಎಳೆದುಕೊಳ್ಳಲು ಮನಸ್ಸಾಗುತ್ತಿರಲಿಲ್ಲ. ಜೋಳದ ರೊಟ್ಟಿ ಹಾಕಿದರೆ ಅರ್ಧ ತಿಂದು, ಉಳಿದರ್ಧವನ್ನು ಹಿತ್ತಲಿನ ತೊಗರಿ ಕಟ್ಟಿಗೆಯ ಬಣವೆಯಲ್ಲಿ ಬಚ್ಚಿಟ್ಟು, ಎಲ್ಲಿಟ್ಟೆನೆಂದು ಮರೆತು, ನಮ್ಮ ಮುಖ ನೋಡುತ್ತಿತ್ತು. “ಹೊರಗ ಇರಲಿ, ಒಳಗ ಬ್ಯಾಡ,” ಎಂದಿದ್ದ ಅತ್ತೆ ಎಂಟು ದಿನಕ್ಕೆ ತಾವೇ ತಮ್ಮ ಮಂಚದ ಪಕ್ಕ ಗೋಣಿಚೀಲ ಹಾಸಿದರು. ಮಂಚದ ಮೇಲೆ ಹಾಸುವುದೊಂದು ಬಾಕಿ ಎಂದು ನಾನು ಕಾಡಿಸುತ್ತಿದ್ದೆ.

ಸುಖ ತಲೆಗೇರಿತು. ಸ್ಟಾಫ್ ರೂಮಿನಲ್ಲಿ ನನ್ನದೇ ಭಾಷಣ: ಜಾತಿ ನಾಯಿ ಕೊಳ್ಳಬೇಡಿ, ಗತಿಯಿಲ್ಲದ್ದನ್ನು ತಂದು ಸಾಕಿ, ನನ್ನ ನೋಡಿ ಕಲಿಯಿರಿ. ಮಧ್ಯಾಹ್ನದ ಸೈರನ್ನಿಗೆ ಅದು ಬಣವೆಯೊಳಗೆ ತೂರಿಕೊಂಡು ಗಂಟೆಗಟ್ಟಲೆ ನಡುಗುತ್ತದೆಂದು ಅತ್ತೆ ಎರಡು ಸಲ ಹೇಳಿದ್ದರು. ಆ ಹೊತ್ತಿಗೆ ನಾನು ಶಾಲೆಯಲ್ಲಿರುತ್ತಿದ್ದೆ, ಶನಿವಾರ ಮನೆಯಲ್ಲಿದ್ದರೂ ಹಿತ್ತಲಿಗೆ ಹೋಗಿ ನೋಡುತ್ತಿರಲಿಲ್ಲ. ಕಣ್ಣಿಗೆ ಬೀಳದ್ದನ್ನು ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ.

ಒಂದು ಶನಿವಾರ ಶಾಲೆ ಬಿಟ್ಟ ಮೇಲೆ ಹೆಡ್ಮಾಸ್ತರರನ್ನೂ ಉಳಿದ ಶಿಕ್ಷಕರನ್ನೂ ಊಟಕ್ಕೆ ಕರೆದಿದ್ದೆ. ಹೋಳಿಗೆಯ ಊಟ ಒಂದು ನೆಪ, ನಾಯಿಯನ್ನು ತೋರಿಸುವುದಿತ್ತು. ಎಲ್ಲರೂ ಪಡಸಾಲೆಯಲ್ಲಿ ಸಾಲಾಗಿ ಕೂತು ಮೊದಲ ತುತ್ತು ಎತ್ತುವಾಗ ಸೈರನ್ ಕೂಗಿತು. ಬಾಗಿಲವರೆಗೆ ಕೂತ ಇಷ್ಟು ಜನರನ್ನು ದಾಟಿ ಹಿತ್ತಲಿಗೆ ಓಡಲಾಗದೆ ನಾಯಿ ತಾಟುಗಳ ಮೇಲೇ ಹಾಯ್ದು ಸಾರಿನ ಪಾತ್ರೆ ಉರುಳಿಸಿತು. ಹೆಡ್ಮಾಸ್ತರರ ಬೆನ್ನು ಮತ್ತು ಗೋಡೆಯ ನಡುವೆ ಹೊಕ್ಕು ಅವರ ಬಿಳಿ ಪೈಜಾಮ ತೋಯುವ ಹಾಗೆ ಉಚ್ಚೆ ಹೊಯ್ದುಕೊಂಡಿತು.

ಎಲ್ಲರೂ ನಕ್ಕರು. “ಅಕ್ಕೋರೆ, ಕಾಯ್ಲಿಕ್ಕೆ ನಾಯಿ ತಂದೀರೋ, ನಾಯಿನ್ನ ಕಾಯ್ಲಿಕ್ಕೆ ನೀವು ನಿಂತೀರೋ?” ಎಂದರು ಹೆಡ್ಮಾಸ್ತರರು. ಪಾಪ, ನನ್ನ ಗಂಡನ ಲುಂಗಿ ಉಟ್ಟುಕೊಂಡು ಮತ್ತೆ ಊಟಕ್ಕೆ ಕೂತು ಎರಡು ಹೋಳಿಗೆ ಜಾಸ್ತಿಯೇ ತಿಂದರು. ಕೈ ತೊಳೆಯುವಷ್ಟರಲ್ಲಿ ಎಲ್ಲರೂ ಅದನ್ನು ಮರೆತಿದ್ದರು. ಮರೆಯದವಳು ನಾನೊಬ್ಬಳೇ.

ಮರುದಿನ ಬೆಳಿಗ್ಗೆ ನಾಯಿಯನ್ನು ವಾಪಸು ಕೊಡಲು ಹೊರಟೆ. ನನ್ನ ಮುಖ ನೋಡಿಯೇ ಅದು ಬಣವೆಯೊಳಗೆ ಸೇರಿಕೊಂಡಿತ್ತು. ಕೈ ಹಾಕಿ ಎಳೆಯುವಾಗ ತೊಗರಿ ಕಟ್ಟಿಗೆಯ ಮೊನೆ ಎರಡು ಕಡೆ ಚುಚ್ಚಿ ಮಣಿಕಟ್ಟಿನಲ್ಲಿ ರಕ್ತ ಬಂತು. ಅತ್ತೆ ಬಾಗಿಲಲ್ಲಿ ನಿಂತು ನೋಡಿದರು.

ಆಟೋದಲ್ಲಿ ಶಹಾಬಾದ್ ಮುಟ್ಟುವವರೆಗೆ ಒಂದು ಕಾರಣ ಸಿದ್ಧ ಮಾಡಿಕೊಂಡಿದ್ದೆ: ಅತ್ತೆಗೆ ದಮ್ಮು, ನಾಯಿಯ ಕೂದಲು ಆಗುವುದಿಲ್ಲ. ಆದರೆ ಕಾಕಾ ನನ್ನ ಮುಖ ನೋಡದೆ ಕೈ ನೋಡಿದರು.

“ಇದೇನ್ರಿ ಅಕ್ಕೋರೆ?”

ನಿಜ ಹೇಳಿದರೆ, ‘ನಾ ಮೊದಲೇ ಹೇಳಿದ್ನಲ್ಲ’ ಎನ್ನುತ್ತಾರೆ. ನಾಲ್ಕು ಜನ ನಕ್ಕರೆಂದು ನಾಯಿ ಬಿಡಲು ಬಂದವಳೆಂದು ತಿಳಿಯುತ್ತಾರೆ.

“ಕಡೀತು,” ಎಂದೆ.

ಅವರು ನನ್ನನ್ನು ನಳದ ಬಳಿ ಕರೆದೊಯ್ದರು. ಸಾಬೂನು ಹಚ್ಚಿ, ನೀರು ಬಿಟ್ಟು, ಮತ್ತೆ ಸಾಬೂನು ಹಚ್ಚಿ ಕಾಲು ಗಂಟೆ ತೊಳೆದರು. ಮಗಳ ಕೈ ತೊಳೆದ ಹಾಗೆ ತೊಳೆದರು. “ಇವತ್ತೇ ಸೂಜಿ ಮಾಡಿಸ್ಕೊಳ್ರಿ. ನಾಯಿನ್ನ ಹತ್ತು ದಿನ ಬ್ಯಾರೆ ಇಡ್ತೀನಿ. ಅಷ್ಟು ದಿನ ಅದು ಆರಾಮಿದ್ರ ನಿಮಗೂ ಚಿಂತಿಲ್ಲ,” ಎಂದರು. ಆಮೇಲೆ ಅದನ್ನು ಮೂಲೆಯ ಪಂಜರದಲ್ಲಿ ಒಂಟಿಯಾಗಿ ಹಾಕಿ, ಮೇಲಿನ ಕಲ್ಲಿಗೆ ಸೀಮೆಸುಣ್ಣದಿಂದ ‘ಕಡಿಯುತ್ತದೆ’ ಎಂದು ಬರೆದರು. ನಾನು ನಿಂತು ನೋಡಿದೆ.

ಸೂಜಿಗೆ ಹೋಗದೆ ಗತಿ ಇರಲಿಲ್ಲ; ಮಾಡಿಸಿಕೊಂಡಿರೇನು ಎಂದು ಅವರು ಫೋನು ಮಾಡಿ ಕೇಳುತ್ತಿದ್ದರು. ಆಸ್ಪತ್ರೆಯ ನರ್ಸಮ್ಮ ಎಲ್ಲಿ, ಹೇಗೆ, ಸುಮ್ಮನೆ ಕಡೀತೋ ಕೆಣಕಿದ್ರೋ ಎಂದಳು. ಮೊದಲ ಸೂಜಿಗೆ ‘ಸುಮ್ಮನೆ’ ಎಂದೆ. ಎರಡನೆಯದಕ್ಕೆ ‘ಹಿಂದಿನಿಂದ ಬಂದು’ ಎಂಬುದೂ ಸೇರಿತು. ಮೂರನೆಯದರ ಹೊತ್ತಿಗೆ ನನಗೇ ಅದರ ಹಲ್ಲು ಕಣ್ಣಿಗೆ ಕಟ್ಟುತ್ತಿತ್ತು. ನಾಯಿ ಎಲ್ಲಿ ಎಂದು ಕೇಳಿದ ಸ್ಟಾಫ್ ರೂಮಿನವರಿಗೂ ಅದನ್ನೇ ಹೇಳಿದೆ. ಮನೆಯಲ್ಲಿ ಅತ್ತೆ ಒಂದೇ ಸಲ ಕೇಳಿದರು: “ಯಾವಾಗ ಕಡೀತವಾ? ನಾ ನೋಡ್ಲೇ ಇಲ್ಲ.” ನಾನು ರೊಟ್ಟಿ ಬಡಿಯುವ ಸಪ್ಪಳ ಜೋರು ಮಾಡಿದೆ.

ಕಾಕಾ ದಿನಾ ಸಂಜೆ ಫೋನು ಮಾಡುತ್ತಿದ್ದರು. “ಇವತ್ತೂ ಆರಾಮ ಅದ ಅಕ್ಕೋರೆ. ನೀರು ಕುಡೀತು. ಹೆದರಬ್ಯಾಡ್ರಿ.” ನನ್ನ ಸುಳ್ಳಿಗೆ ಅವರು ಸಮಾಧಾನ ಹೇಳುವುದು, ನಾನು ಹ್ಞೂಂ ಹ್ಞೂಂ ಎಂದು ಕೇಳುವುದು.

ಹತ್ತನೇ ದಿನದ ಫೋನಿನಲ್ಲಿ ಅವರ ದನಿ ಹಗುರವಾಗಿತ್ತು. “ಗೆದ್ರಿ ಅಕ್ಕೋರೆ. ಇನ್ನ ನಿಮಗ ಏನೂ ಭಯ ಇಲ್ಲ.” ಆಮೇಲೆ ಹೇಳಿದರು: “ಆ ನಾಯಿದೇ ಚಿಂತಿ ಆಗ್ಯಾದ. ಚಂದ್ರಂಪಳ್ಳಿ ಡ್ಯಾಮಿನ ಕಡಿ ಹೊಲ ಇದ್ದವ್ರು ಬಂದಿದ್ರು. ಅಲ್ಲಿ ಅಡವಿ, ಸಪ್ಪಳ ಗಿಪ್ಪಳ ಏನಿಲ್ಲ, ಅದಕ್ಕ ಹೇಳಿ ಮಾಡಿಸಿದ ಜಾಗ. ಕಡೀತದ ಅಂದಕೂಡ್ಲೆ, ಮನ್ಯಾಗ ಕೂಸು ಅದ ಅಂತ ಬ್ಯಾರೆ ನಾಯಿ ಒಯ್ದ್ರು. ಇನ್ನ ಇದನ್ನ ಯಾರೂ ಒಯ್ಯಂಗಿಲ್ರಿ.”

ಮರುದಿನ ಶಾಲೆಗೆ ರಜೆ ಹಾಕಿ ಶಹಾಬಾದಿಗೆ ಹೋದೆ. ಕಾಕಾ ಕೈಗೆ ಗೋಣಿತಟ್ಟು ಸುತ್ತಿಕೊಂಡು, ಉದ್ದನೆಯ ಬಿದಿರಿನಿಂದ ಅನ್ನದ ತಟ್ಟೆಯನ್ನು ಪಂಜರದೊಳಕ್ಕೆ ನೂಕುತ್ತಿದ್ದರು. ನನ್ನನ್ನು ಕಂಡು ನಾಯಿ ಇಡೀ ಮೈ ಅಲ್ಲಾಡಿಸಿ ಕುಂಯ್‌ಗುಟ್ಟಿತು. ನಾನು ನಿಂತಲ್ಲೇ ಹೇಳಿಬಿಟ್ಟೆ.

“ಕಾಕಾ, ಅದು ಕಡದಿಲ್ರಿ. ಕಟ್ಟಿಗಿ ಚುಚ್ಚಿತ್ತು. ಬ್ಲಾಸ್ಟಿಂಗಿಗೆ ಹೆದರ್ತು, ಮಂದಿ ನಕ್ರು, ನನಗ ನಾಚಿಕಿ ಆತು. ಸುಳ್ಳು ಹೇಳಿದೆ.”

ಬೈಯುತ್ತಾರೆಂದು ಕಾದೆ. ಅವರು ಗೋಣಿತಟ್ಟನ್ನು ಬಿಚ್ಚತೊಡಗಿದರು, ಬಿಚ್ಚುತ್ತಲೇ ಇದ್ದರು.

“ಆರನೇ ದಿನ ಇದು ನನ್ನ ಮೈಮ್ಯಾಲೆ ಹಾರ್ತು,” ಎಂದರು. “ಮೊದಲಿನಿಂದ ಹಂಗೇ ಹಾರ್ತಿತ್ತು, ನೆಕ್ಕಲಿಕ್ಕೆ. ನಾ ಕಡೀಲಿಕ್ಕೆ ಬಂತು ಅಂದ್ಕೊಂಡೆ. ಈ ಬಿದಿರಿನಿಂದ ಹೊಡದೆ. ಇಷ್ಟು ವರ್ಷದಾಗ ಒಂದ್ ನಾಯಿಗಿ ಹೊಡದವನಲ್ಲ ನಾ. ಅಕ್ಕೋರು ಸುಳ್ಳು ಯಾಕ ಹೇಳ್ತಾರ ಅಂತ, ನಾಯಿ ಮ್ಯಾಲೆ ಸಂಶಯ ಪಟ್ಟೆ.”

ಪಂಜರದ ಬಾಗಿಲು ತೆಗೆದು ಬರಿಗೈ ಚಾಚಿದರು. ನಾಯಿ ಹಿಂದೆ ಸರಿದು ಗೋಡೆಗೆ ಅಂಟಿಕೊಂಡು, ಸೈರನ್ನಿಗೆ ನಡುಗಿದ ಹಾಗೆಯೇ ನಡುಗಿತು. ಅವರು ಕೈ ಎಳೆದುಕೊಂಡರು. “ಒಯ್ಯಿರಿ ಅಕ್ಕೋರೆ. ನನ್ನ ಹತ್ರ ಇದ್ರ ಅದಕ್ಕ ದಿನಾ ಹೆದರಿಕಿ,” ಎಂದರು. ಆ ಮಾತಿನಲ್ಲಿ ಸಿಟ್ಟಿದ್ದಿದ್ದರೆ ನನಗೆ ಒಳ್ಳೆಯದಾಗುತ್ತಿತ್ತು.

ಈಗ ಅದು ನಮ್ಮ ಮನೆಯಲ್ಲಿದೆ. ಸೈರನ್ ಕೂಗಿದಾಗ ಅತ್ತೆ ನೆಲಕ್ಕೆ ಕೂತು ಅದನ್ನು ಸೆರಗಿನಲ್ಲಿ ಮುಚ್ಚಿಕೊಳ್ಳುತ್ತಾರೆ. ಶನಿವಾರ ಆ ಕೆಲಸ ನನ್ನದು. ಶಾಲೆಯಲ್ಲಿ ಭಾಷಣ ನಿಂತಿದೆ. ಅದು ಕಚ್ಚಿಲ್ಲವೆಂದು ಸ್ಟಾಫ್ ರೂಮಿನಲ್ಲೂ ಹೇಳಿದೆ, ಆಸ್ಪತ್ರೆಯ ನರ್ಸಮ್ಮನಿಗೂ ಹೇಳಿದೆ. ಆಕೆ ನನ್ನನ್ನು ಮೇಲಿಂದ ಕೆಳಗೆ ನೋಡಿ ಮುಂದಿನವರನ್ನು ಕರೆದಳು.

ಪ್ರತಿ ಭಾನುವಾರ ನಾಯಿಯನ್ನು ಕಾಕಾನ ಬಳಿ ಕರೆದೊಯ್ಯುತ್ತೇನೆ. ಅವರು ಅಂಗೈಯಲ್ಲಿ ರೊಟ್ಟಿ ಹಿಡಿದು ಕೂರುತ್ತಾರೆ, ಅದು ನನ್ನ ಕಾಲ ಹಿಂದೆ ಸೇರುತ್ತದೆ. ಹೋದ ವಾರ ಅವರು ರೊಟ್ಟಿಯನ್ನು ಕಲ್ಲಿನ ಮೇಲಿಟ್ಟು ಎರಡು ಹೆಜ್ಜೆ ಹಿಂದೆ ಸರಿದರು. ನಾಯಿ ಒಂದು ಹೆಜ್ಜೆ ಮುಂದಿಟ್ಟು ನಿಂತಿತು. ತಿರುಗಿ ನನ್ನ ಮುಖ ನೋಡಿತು. ಆ ಮನುಷ್ಯನನ್ನು ನಂಬಬಹುದೇ ಎಂದು ಅದು ಕೇಳುತ್ತಿದ್ದದ್ದು ನನ್ನನ್ನು.