ಹೈದರಾಬಾದಿನ ಗೌಂಡಿ

ಶಹಾಪುರದ ನಮ್ಮ ಮನೆಯ ಪಡಸಾಲೆಯ ಛತ್ತಿನ ಒಳಮೈಗೆ ಸುಣ್ಣದ ಅಲೆ ಎಬ್ಬಿಸಿದ್ದು ನಾನು. ಈ ಕೈಗಳಿಂದ. ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ನಮ್ಮಪ್ಪ ಬಹಳ ದಿನ ಬೇರೆಯದನ್ನೇ ಹೇಳಿಕೊಂಡು ತಿರುಗಿದ.

ನಿಜಾಮರ ಆಳ್ವಿಕೆಯ ಕೊನೆಯ ವರ್ಷಗಳವು. ನನಗೆ ಹದಿನೆಂಟು ತುಂಬಿತ್ತು. ಬಜಾರಿನಲ್ಲಿ ಅಪ್ಪನ ಕಿರಾಣಿ ಅಂಗಡಿ. ಒಮ್ಮೆ ಯಾದಗಿರಿಗೆ ಹೋದಾಗ ಯಾರೋ ಸಾಹೇಬರ ಬಂಗಲೆಯಲ್ಲಿ ಅಲೆ ಅಲೆಯಾಗಿ ಸುಣ್ಣ ಎಬ್ಬಿಸಿದ ಛತ್ತು ನೋಡಿ ಬಂದವನಿಗೆ ಅದೇ ಹುಚ್ಚು ಹಿಡಿಯಿತು. ಸುರಪುರದಿಂದ ನನ್ನನ್ನು ನೋಡಲು ಬರುವವರಿದ್ದರು. ಅವರು ಬರುವುದರೊಳಗೆ ನಮ್ಮ ಛತ್ತೂ ಹಾಗೇ ಆಗಬೇಕೆಂದು ಹಟ ಹಿಡಿದ. ಬಂದವರು ಹೆಣ್ಣನ್ನು ನೋಡುತ್ತಾರೋ ಕತ್ತೆತ್ತಿ ಮೇಲೆ ನೋಡುತ್ತಾರೋ ಎಂದು ಅವ್ವ ಗೊಣಗಿದಳು. ಕೇಳುವವರು ಯಾರು?

ಸಗರದಿಂದ ಗಾರೆ ಕೆಲಸದ ಒಬ್ಬ ಮುದುಕ ಗೌಂಡಿ ಬಂದ. ಗುಂಡಿಯಲ್ಲಿ ಸುಣ್ಣ ಅರಳಿಸಿದ, ಛತ್ತಿನ ಕಲ್ಲುಗಳಿಗೆ ಉಳಿಯಿಂದ ಕಚ್ಚು ಹೊಡೆದ, ಕೆಳಗಿನ ಪದರ ಹಚ್ಚಿದ. ಅಷ್ಟರಲ್ಲಿ ಅವನಿಗೆ ಚಳಿಜ್ವರ. ಊರಿಗೆ ಹೊರಡುವ ಮುಂಚೆ ಉಳಿದ ಕೆಲಸವನ್ನು ಅಪ್ಪನಿಗೆ ಬಿಡಿಸಿ ಹೇಳಿದ. ಮೊದಲು ಹಳೆಯ ಪದರಕ್ಕೆ ಚೆನ್ನಾಗಿ ನೀರು ಹೊಡೆಯಬೇಕು, ಇಲ್ಲದಿದ್ದರೆ ಅದು ಹೊಸದರ ನೀರು ಕುಡಿದು ಉದುರಿಸುತ್ತದೆ. ಬೆಲ್ಲದ ನೀರು ಬೆರೆಸಿದ ಸುಣ್ಣವನ್ನು ರೊಟ್ಟಿಗಿಂತ ದಪ್ಪ ಹಚ್ಚಬಾರದು. ಬಾಗಿಲಿಗೆ ದೂರದ ಮೂಲೆಯಿಂದ ಶುರು ಮಾಡಬೇಕು, ನಡುವೆ ನಿಲ್ಲಿಸಿದರೆ ಜೋಡಣೆ ಕಾಣುತ್ತದೆ. ಒತ್ತಿದ ಬೆರಳಿಗೆ ಸುಣ್ಣ ಅಂಟದ ಹೊತ್ತಿಗೆ ಅಲೆ ಎಳೆಯಬೇಕು. ಮತ್ತು ಸುಣ್ಣಕ್ಕೆ ಬರಿಗೈ ಹಾಕಕೂಡದು. ಅಪ್ಪ ತಲೆ ಆಡಿಸಿದ. ಕೇಳಿಸಿಕೊಂಡವಳು ಬಾಗಿಲ ಹಿಂದಿದ್ದ ನಾನು.

ಬೇರೆ ಗೌಂಡಿ ಸಿಗಲಿಲ್ಲ. ಅಪ್ಪ ತಲೆ ಮೇಲೆ ಕೈ ಹೊತ್ತು ಕೂತ. ನಾನು ಮಾಡುತ್ತೇನೆ ಅಂದೆ. ಹೆಣ್ಣುಮಗಳು ಹಲಗೆ ಹತ್ತಿ ಗೌಂಡಿ ಕೆಲಸ ಮಾಡಿದರೆ ಊರು ಏನಂದೀತು ಎಂದು ಹೌಹಾರಿದ. ಕೊನೆಗೆ ತಾನೇ ಎದ್ದು ಹೋಗಿ ಹೊರಬಾಗಿಲಿಗೆ ಅಗಳಿ ಹಾಕಿದ.

ಗೌಂಡಿ ಕಟ್ಟಿಟ್ಟಿದ್ದ ಹಲಗೆ ಹತ್ತಿ, ಅವನದೇ ಕರಣಿಯಿಂದ ಸುಣ್ಣ ಹಚ್ಚತೊಡಗಿದೆ. ಮೊದಲ ಕರಣಿಯ ಸುಣ್ಣ ಧೊಪ್ಪೆಂದು ನನ್ನ ತಲೆಯ ಮೇಲೆಯೇ ಬಿತ್ತು. ಎರಡನೆಯದು ಅಪ್ಪನ ಹೆಗಲ ಮೇಲೆ. ಹೊಸಬರು ಮಾಡುವ ತಪ್ಪೇ ಅದು, ಕರಣಿ ತುಂಬ ತುಂಬಿಕೊಳ್ಳುವುದು. ಸ್ವಲ್ಪವೇ ತೆಗೆದುಕೊಂಡು, ಒತ್ತಿ, ಎಳೆಯಬೇಕು. ಮಧ್ಯಾಹ್ನದ ಹೊತ್ತಿಗೆ ಕೈ ಹದಕ್ಕೆ ಬಂತು. ಆದರೆ ಕರಣಿಯಿಂದ ಅಲೆ ಏಳಲೊಲ್ಲದು. ಎಳೆದಲ್ಲೆಲ್ಲ ಬೆಕ್ಕು ಪರಚಿದ ಗೀರು. ಸಿಟ್ಟು ನೆತ್ತಿಗೇರಿ ಕರಣಿ ಎಸೆದೆ. ದಿನಾ ಬೆಳಿಗ್ಗೆ ಸಗಣಿಯಲ್ಲಿ ನೆಲ ಸಾರಿಸುವಾಗ ಬೆರಳು ತಿರುಗಿಸಿ ಅರ್ಧಚಂದ್ರ ಎಳೆಯುತ್ತೇನಲ್ಲ, ಇದೂ ನೆಲವೇ, ಮೇಲಿದೆ ಅಷ್ಟೇ ಅಂದುಕೊಂಡೆ. ಗೌಂಡಿಯ ಮಾತು ಮರೆತು ನಾಲ್ಕೂ ಬೆರಳು ಊರಿ ಎಳೆದೆ. ಆಹಾ, ಎಂಥ ಅಲೆ! ಸಂಜೆಯೊಳಗೆ ಛತ್ತು ತುಂಬಿತು.

ದೀಪ ಹಚ್ಚುವ ಹೊತ್ತಿಗೆ ಕೈಗೆ ಬೆಂಕಿ ಬಿತ್ತು. ಎರಡು ದಿನಕ್ಕೆ ಚರ್ಮ ಸಿಪ್ಪೆಯಂತೆ ಎದ್ದು ಬಂತು. ಅವ್ವ ಅಳುತ್ತ ತುಪ್ಪ ಸವರಿದಳು. ಸುರಪುರದವರು ಬರುವಷ್ಟರಲ್ಲಿ ಗಾಯ ಒಣಗಿತ್ತು, ಆದರೆ ಬೆರಳುಗಳ ಮೇಲೆ, ಮುಂಗೈ ಮೇಲೆ ಬೆಳ್ಳಗೆ ಮಚ್ಚೆಗಳು.

ಬಂದವರು ಮೊದಲು ನೋಡಿದ್ದು ಛತ್ತನ್ನೇ. ಅಪ್ಪ ಗೆದ್ದ. ಯಾರ ಕೆಲಸ ಎಂದು ಕೇಳಿದ್ದಕ್ಕೆ, ಹೈದರಾಬಾದಿನಿಂದ ಗೌಂಡಿ ಕರೆಸಿದ್ದೆ ಅಂದುಬಿಟ್ಟ! ಚಹಾ ಹಿಡಿದು ಬಂದ ನಾನು ಗರಬಡಿದವಳಂತೆ ನಿಂತೆ. ವರನ ಸೋದರತ್ತೆ ಪಕ್ಕದಲ್ಲಿ ಕೂರಿಸಿಕೊಂಡು ನನ್ನ ಕೈ ಹಿಡಿದಳು, ತಿರುಗಿಸಿ ನೋಡಿದಳು, ತಟ್ಟನೆ ಬಿಟ್ಟಳು. ಬಿಟ್ಟ ಕೈಯನ್ನು ಸೆರಗಿಗೆ ಒರೆಸಿಕೊಂಡು ವರನ ತಂದೆಗೆ ಮೆಲ್ಲಗೆ ಅಂದಳು:

“ತೊನ್ನು ಅದ. ಏಳು, ಹೋಗೂಣು.”

ತೊನ್ನಿನ ಹುಡುಗಿ ಎಂದು ಸುರಪುರದಲ್ಲಿ ಸುದ್ದಿಯಾದರೆ ಮುಗಿಯಿತು, ಶಹಾಪುರದಲ್ಲೂ ಯಾರೂ ಹೊಸಿಲು ತುಳಿಯುವುದಿಲ್ಲ. ಸುಣ್ಣ ಸುಟ್ಟದ್ದು ಎಂದು ಅಪ್ಪ ಒಂದು ಮಾತು ಹೇಳಿದರೆ ಸಾಕಿತ್ತು. ಅಪ್ಪನ ಮುಖ ನೋಡಿದೆ. ಅಪ್ಪ ನೆಲ ನೋಡುತ್ತಿದ್ದ. ಹೈದರಾಬಾದಿನ ಗೌಂಡಿ ಅವನ ಬಾಯಿ ಕಟ್ಟಿದ್ದ. ಇವನು ನನ್ನ ಅಪ್ಪನೇ?

ಚಹಾದ ಕಪ್ಪುಗಳನ್ನು ಸರಿಸಿದೆ, ಸೆರಗು ಸಿಕ್ಕಿಸಿದೆ, ಮೂಲೆಯ ಎತ್ತರದ ಸ್ಟೂಲು ಎಳೆದು ಅಷ್ಟೂ ಜನರ ಎದುರು ಹತ್ತಿ ನಿಂತೆ. ಚಿಕ್ಕಂದಿನಲ್ಲಿ ಬೀಸುವ ಕಲ್ಲಿಗೆ ಸಿಕ್ಕು ನನ್ನ ಉಂಗುರದ ಬೆರಳು ಸೊಟ್ಟಗಾಗಿದೆ. ಛತ್ತಿನ ಒಂದೊಂದು ಅಲೆಯಲ್ಲೂ ಮೂರನೆಯ ಗೆರೆ ಸೊಟ್ಟಗೇ ಇತ್ತು. ಒಣಗಿದ ಗೆರೆಗಳಲ್ಲಿ ನಾಲ್ಕೂ ಬೆರಳು ಇಟ್ಟೆ. ಸರಿಯಾಗಿ ಕೂತವು.

“ಇದು ತೊನ್ನಲ್ರಿ ಅತ್ತೀ, ಸುಣ್ಣ ಸುಟ್ಟದ್ದು. ಹೈದರಾಬಾದಿಂದ ಯಾ ಗೌಂಡೀನೂ ಬಂದಿಲ್ಲ. ಇದು ನನ್ನ ಕೈ.”

ಸೋದರತ್ತೆ ಎದ್ದು ಬಂದು ಕತ್ತೆತ್ತಿ ನೋಡಿದಳು. ಇನ್ನೊಂದು ಮೂಲೆಯಲ್ಲೂ ಇಡಿಸಿ ನೋಡಿದಳು. ನನ್ನನ್ನು ಕೈಹಿಡಿದು ಇಳಿಸಿಕೊಂಡು, ಮೊದಲೇ ಯಾಕೆ ಹೇಳಲಿಲ್ಲ ಎಂದು ಅಪ್ಪನನ್ನು ಕೇಳಿದಳು. ಹುಡುಗಿ ತಮಗೆ ಒಪ್ಪಿಗೆ ಎಂದು ಅಲ್ಲೇ ಹೇಳಿದಳು.

ಮದುವೆಯಾಯಿತು. ಅಪ್ಪನ ಜೊತೆ ನಾನು ಸರಿಯಾಗಿ ಮಾತಾಡಲಿಲ್ಲ, ಹೋಗುವಾಗ ಅಳಲೂ ಇಲ್ಲ. ನಾಗರಪಂಚಮಿಗೆ ತವರಿಗೆ ಬಂದೆ. ಅಂದು ಮುದನಾಳದಿಂದ ಅಪ್ಪನ ಪರಿಚಯದವರೊಬ್ಬರು ಬಂದು ಛತ್ತು ನೋಡಿ ಬೆರಗಾಗಿ ಕೂತಿದ್ದರು. ತಮ್ಮ ಮನೆಗೂ ಬೇಕಂತೆ. ಆ ಹೈದರಾಬಾದಿನ ಗೌಂಡಿ ಈಗ ಎಲ್ಲಿ ಸಿಗುತ್ತಾನೆ ಎಂದು ಕೇಳಿದರು. ಹಬ್ಬದ ಉಂಡಿಯ ತಾಟು ಹಿಡಿದು ಬಂದ ನಾನು ಬಾಗಿಲಲ್ಲೇ ನಿಂತೆ. ಈಗ ಮತ್ತೆ ಅದೇ ಸುಳ್ಳು ಬರುತ್ತದೆ ಎಂದು ಹಲ್ಲು ಕಚ್ಚಿದೆ.

ಅಪ್ಪ ನನ್ನನ್ನು ನೋಡಿದ. ಬಹಳ ಹೊತ್ತು ನನ್ನ ಕೈಗಳನ್ನೇ ನೋಡಿದ. ಆಮೇಲೆ ಅವರಿಗೆ ಹೇಳಿದ:

“ಈಗ ಸಿಗಂಗಿಲ್ರಿ. ಸುರಪುರಕ್ಕ ಲಗ್ನ ಮಾಡಿ ಕೊಟ್ಟೀವಿ.”

ಉಂಡಿಗಳು ನೆಲದ ತುಂಬ ಉರುಳಿದವು. ಮದುವೆಯ ದಿನ ಬಾರದ ಅಳು ಆಗ ಬಂತು.