ಭಟ್ಟಿಯ ಹೊಗೆ

ನಮ್ಮ ಉಪದೇಶಿಗಳು ಓದಿ ಮುಗಿಸಿದ ಬೈಬಲ್ಲನ್ನು ಮುಚ್ಚಿ, ಅದರ ಮೇಲೆ ಅಂಗೈ ಊರಿ, "ಓದೂದು ಆತು, ಮಾಡೂದು ಉಳೀತು" ಎನ್ನುತ್ತಿದ್ದರು. ಸಾವಿರದ ಒಂಬೈನೂರ ಇಪ್ಪತ್ತರ ದಶಕದಲ್ಲಿ ಅವರು ರವಿವಾರಕ್ಕೊಮ್ಮೆ ಬೆಳಗಾವಿಯಿಂದ ರೈಲಿನಲ್ಲಿ ಖಾನಾಪುರಕ್ಕೆ ಬಂದು ನಮ್ಮ ಸಣ್ಣ ಸಭೆಯನ್ನು ನಡೆಸುತ್ತಿದ್ದರು. ಮನುಷ್ಯ ಬಲು ಮುಂಗೋಪಿ. ಸಿಟ್ಟು ಬಂದರೆ ರುಮಾಲು ಬಿಚ್ಚಿ ಮತ್ತೆ ಸುತ್ತಿಕೊಳ್ಳುತ್ತಿದ್ದರು.

ಒಂದು ರವಿವಾರ ಪಕ್ಕದ ಕುಂಬಾರನ ಭಟ್ಟಿಯ ಹೊಗೆ ಪ್ರಾರ್ಥನೆಯ ಕೋಣೆಗೆ ನುಗ್ಗಿತು. ಉಪದೇಶಿಗಳು ಹೊರಗೆ ಹೋಗಿ, ಓಣಿಗೆಲ್ಲ ಕೇಳುವಂತೆ ಅವನನ್ನು ಬೈದು ಬಂದರು. ಅಂದು ಓದಬೇಕಿದ್ದದ್ದು, ಕಾಣಿಕೆ ಅರ್ಪಿಸುವ ಮೊದಲು ನಿನ್ನ ಮೇಲೆ ಮುನಿದ ಸಹೋದರನ ಬಳಿ ಹೋಗಿ ಒಂದಾಗು ಎಂಬ ಬೋಧನೆ. ಓದಿ ಮುಗಿಸಿ ಅಂಗೈ ಊರಿದರು. ಎಂದಿನ ಮಾತು ಹೊರಡಲಿಲ್ಲ. ಯೇಸುವಿನ ನೆನಪಿಗೆ ಮುರಿದು ಎಲ್ಲರಿಗೂ ಹಂಚಬೇಕಿದ್ದ ಕರ್ತನ ಭೋಜನದ ರೊಟ್ಟಿಯನ್ನು ಮೇಜಿನ ಮೇಲೆಯೇ ಬಿಟ್ಟು ಹೊರಟರು.

ಕಿಟಕಿಯಿಂದ ಅವರ ಧ್ವನಿ ಕೇಳಿಸಿತು. "ತಪ್ಪು ನಂದೈತಿ. ಮಾಫ್ ಮಾಡಪಾ."

"ಮಾಫಿ ಆಮ್ಯಾಲ ರೀ," ಎಂದ ಕುಂಬಾರ. "ಬೆಂಕಿ ಆರಿದ್ರ ಗಡಿಗಿ ಎಲ್ಲಾ ಹಸೀ ಉಳೀತಾವು. ಮೊದಲ ಆ ಕಟಗಿ ಕೊಡ್ರಿ."

ಉಪದೇಶಿಗಳು ರುಮಾಲು ತೆಗೆದಿಟ್ಟು ಅಲ್ಲೇ ಕುಳಿತರು. ಬೆಂಕಿ ಹದಕ್ಕೆ ಬರುವವರೆಗೂ ಕಟ್ಟಿಗೆ ಕೊಟ್ಟರು. ಇತ್ತ ನಾವು ಹಾಡುತ್ತ ಕಾದೆವು. ನಮಗೆ ಬರುತ್ತಿದ್ದ ಹಾಡುಗಳೆಲ್ಲ ಮುಗಿದುಹೋದವು.

ಕೊನೆಗೆ ಅವರು ಬಂದಾಗ, ಕೈ ತೊಳೆಯಲೆಂದು ನನ್ನ ಅವ್ವ ನೀರಿನ ತಂಬಿಗೆ ಒಡ್ಡಿದಳು. ಅವರು ಅದನ್ನು ಗಮನಿಸಲೇ ಇಲ್ಲ. ನೇರ ಮೇಜಿಗೆ ಹೋಗಿ ರೊಟ್ಟಿ ಮುರಿದರು. ನನ್ನ ಪಾಲಿಗೆ ಬಂದ ತುಂಡಿನ ಮೇಲೆ ಅವರ ಹೆಬ್ಬೆರಳಿನ ಮಸಿಯಿತ್ತು. ಒರೆಸದೆ ತಿಂದೆ.